ಸಿಗಡಿ ತಿನ್ನಬಹುದಾ ಅಂತ ಕೇಳಿದ್ದು ಯಾರು?

ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಆಗಾಗ ಒಂದು ಹಸಿರು ಬಣ್ಣದ ಚಿತ್ರ ಬಂದು ಬೀಳುತ್ತದೆ. ಮೇಲೆ ಮಸೀದಿಯ ಗುಂಬಜ್, ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು. ಇಂಥದ್ದು ಹರಾಮ್ (ನಿಷಿದ್ಧ). ಇಂಥದ್ದು ಮಕ್ರೂಹ್ (ಬಿಟ್ಟರೆ ಒಳ್ಳೆಯದು). ಇಂಥದ್ದು ಬಿದ್‌ಅತ್ (ಧರ್ಮಕ್ಕೆ ಹೊಸದಾಗಿ ಸೇರಿಸಿದ್ದು). ಉಗುರಿಗೆ ಬಣ್ಣ ಹಚ್ಚಿದರೆ ವುಝೂ (ನಮಾಜಿಗೆ ಮುಂಚಿನ ಅಂಗಶುದ್ಧಿ) ಆಗಲ್ಲ, ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಬಾರದು, ದರ್ಗಾಕ್ಕೆ ಹೋಗಬಾರದು, ಹೋಗದಿದ್ದರೆ ನೀವು ಸುನ್ನಿಯೇ ಅಲ್ಲ. ಮೊನ್ನೆ ಬಂದದ್ದು ಸಿಗಡಿಯ ಬಗ್ಗೆ. 'ಸಿಗಡಿ ತಿನ್ನುವುದು ಜಾಯಿಝ್ (ಧರ್ಮಸಮ್ಮತ) ಅಲ್ಲ.' ಅಷ್ಟೇ. ಕಳಿಸಿದ್ದು ಶಿವಮೊಗ್ಗದಲ್ಲಿರುವ ನನ್ನ ಮೈದುನ. ಸ್ವಲ್ಪ ಹೊತ್ತಿಗೆ ಮಂಗಳೂರಿನಿಂದ ನನ್ನ ತಮ್ಮನ ಉತ್ತರ ಬಂತು. ಅದೂ ಒಂದು ಚಿತ್ರವೇ, ಬಣ್ಣ ಮಾತ್ರ ನೀಲಿ. 'ಸಮುದ್ರದ್ದೆಲ್ಲ ಹಲಾಲ್.' ಆಮೇಲೆ ಎರಡು ದಿನ ಗುಂಪಿನಲ್ಲಿ ಯಾರೂ ಸಲಾಂ ಕೂಡ ಹೇಳಲಿಲ್ಲ.

ಇಬ್ಬರೂ ಒಳ್ಳೆಯ ಹುಡುಗರು, ದೀನಿನ (ಧರ್ಮದ) ಬಗ್ಗೆ ಪ್ರೀತಿ ಇರುವವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಎರಡು ಚಿತ್ರಗಳು ತಲೆಯಿಂದ ಹೋಗಲೇ ಇಲ್ಲ. ಎರಡರಲ್ಲೂ ಪ್ರಶ್ನೆ ಇರಲಿಲ್ಲ. ಕೇಳಿದವರು ಯಾರು, ಯಾವ ಊರಿನವರು, ಯಾವ ಕಷ್ಟಕ್ಕೆ ಕೇಳಿದರು, ಒಂದೂ ಇಲ್ಲ. ಫತ್ವಾ ಅಂದರೆ ಒಬ್ಬರು ಬಂದು ಕೇಳಿದ್ದಕ್ಕೆ ಕೊಟ್ಟ ಉತ್ತರ. ಕೇಳಿದವರನ್ನು ಅಳಿಸಿ ಉತ್ತರವನ್ನಷ್ಟೇ ಹಂಚಿದರೆ ಅದು ಎಲ್ಲರಿಗೂ ಹೊರಡಿಸಿದ ಆಜ್ಞೆಯ ಹಾಗೆ ಕೇಳಿಸುತ್ತದೆ. ನಮ್ಮ ಜಗಳಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಂದಲೇ ಹುಟ್ಟುತ್ತವೆ ಅಂತ ನನಗೆ ಅನ್ನಿಸುತ್ತದೆ.

ಘಟ್ಟದ ಕೆಳಗೆ, ಘಟ್ಟದ ಮೇಲೆ

ನಾನು ಹುಟ್ಟಿದ್ದು ಮಂಗಳೂರು ಕಡೆಯ ಬ್ಯಾರಿ ಮನೆಯಲ್ಲಿ, ಮದುವೆಯಾಗಿ ಹೋದದ್ದು ಶಿವಮೊಗ್ಗದ ಉರ್ದು ಮಾತಾಡುವ ಮನೆಗೆ. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಮದ್‌ಹಬ್‌ನವರು (ಮದ್‌ಹಬ್ ಅಂದರೆ ಧರ್ಮನಿಯಮಗಳನ್ನು ವಿವರಿಸುವ ಒಂದು ಪಂಥ). ಅರಬ್ಬಿ ಸಮುದ್ರದ ವ್ಯಾಪಾರಿಗಳ ಜೊತೆ ಹಡಗಿನಲ್ಲಿ ಬಂದ ದಾರಿ ಅದು. ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿಗಳು, ಇನ್ನೊಂದು ಮದ್‌ಹಬ್‌ನವರು, ಅದು ಉತ್ತರದಿಂದ ನೆಲದ ಮೇಲೆ ಬಂದ ದಾರಿ. ಆಗುಂಬೆ ಹತ್ತಿದರೆ ಸಾಕು, ಅಸರ್ (ಸಂಜೆಗೆ ಮುಂಚಿನ ನಮಾಜು) ಬಾಂಗಿನ ಹೊತ್ತು ಬದಲಾಗುತ್ತದೆ, ನಮಾಜಿನಲ್ಲಿ ಕೈ ಕಟ್ಟುವ ಜಾಗ ಬದಲಾಗುತ್ತದೆ, ಸುಬಹಿ (ಬೆಳಗಿನ) ನಮಾಜಿನ ಕುನೂತ್ ಎಂಬ ಪ್ರಾರ್ಥನೆ ನಿಂತುಹೋಗುತ್ತದೆ. ತಟ್ಟೆಯಲ್ಲಿ ಸಿಗಡಿಯೂ ಕಾಣೆಯಾಗುತ್ತದೆ.

ಮದುವೆಯಾದ ಹೊಸತರಲ್ಲಿ ಉಮ್ಮ ಒಂದು ಡಬ್ಬಿ ಒಣ ಸಿಗಡಿ ಕಳಿಸಿದ್ದರು. ಒಂದು ಮಧ್ಯಾಹ್ನ ಅದನ್ನು ಹುರಿದು, ತೆಂಗಿನಕಾಯಿ, ಒಣಮೆಣಸು, ಹುಣಸೆಹಣ್ಣು ಸೇರಿಸಿ ಚಟ್ನಿ ಮಾಡಲು ಹೊರಟೆ. ವಾಸನೆ ಹಿತ್ತಲಿಂದ ಬೀದಿಯವರೆಗೆ ಹೋಯಿತು. ಅತ್ತೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ಬಾಣಲೆ ನೋಡಿದರು, ನನ್ನ ಮುಖ ನೋಡಿದರು. 'ಇದು ನಮ್ಮಲ್ಲಿ ತಿನ್ನಲ್ಲ ಬೇಟಾ' ಅಂದರು. ಗದರಿಸಲಿಲ್ಲ. ಆದರೆ ಅವರ ಮನಸ್ಸಿಗೆ ಕಸಿವಿಸಿ ಆಗಿದ್ದು ಗೊತ್ತಾಗುತ್ತಿತ್ತು, ಅವರ ಪಾತ್ರೆ ಅಲ್ವಾ, ಅವರ ಒಲೆ. ಸಂಜೆ ಮಾವ ಮಗ್ರಿಬ್ ಮುಗಿಸಿ ಮಸೀದಿಯ ಇಮಾಂ ಸಾಹೇಬರನ್ನೇ ಕೇಳಿಕೊಂಡು ಬಂದರು. ಬಂದವರು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. 'ಇಮಾಂ ಸಾಹೇಬರು ಮೊದಲು ಕೇಳಿದ್ದೇ ಹುಡುಗಿ ಯಾವ ಊರಿನವಳು ಅಂತ. ಹೇಳಿದೆ. ಹಾಗಾದರೆ ಅವಳು ಶಾಫಿ, ಅವಳ ಇಮಾಮರ ಪ್ರಕಾರ ಅದು ಹಲಾಲ್, ಅವಳನ್ನು ತಡೀಬೇಡಿ. ನಮ್ಮಲ್ಲೂ ಸಿಗಡಿ ವಿಷಯದಲ್ಲಿ ಎರಡು ಮಾತಿದೆ. ನೀವು ಬಿಟ್ಟರೆ ಒಳ್ಳೇದು ಅಂದರು.'

ಅತ್ತೆ ಕೊನೆಯವರೆಗೂ ಸಿಗಡಿ ಬಾಯಿಗೆ ಹಾಕಲಿಲ್ಲ. ಆದರೆ ಉಮ್ಮನಿಂದ ಡಬ್ಬಿ ಬಂದಾಗಲೆಲ್ಲ ಮೊರ ಹಿಡಿದು ಜಗಲಿಯಲ್ಲಿ ಕೂತು, ತಲೆ ಬಾಲ ಮುರಿದು, ಮರಳು ಸೋಸಿ ನನಗೆ ಕೊಡುತ್ತಿದ್ದರು.

ಆಮೇಲೆ ನಾನು ಇದರ ಬಗ್ಗೆ ಓದಿದೆ, ಕೇಳಿದೆ. ಹನಫಿ ಮದ್‌ಹಬ್‌ನಲ್ಲಿ ನೀರಿನ ಪ್ರಾಣಿಗಳಲ್ಲಿ ಮೀನು ಮಾತ್ರ ಹಲಾಲ್. ಹಾಗಾದರೆ ಸಿಗಡಿ ಮೀನೋ ಅಲ್ಲವೋ? ಅಲ್ಲಿಯೇ ವಿದ್ವಾಂಸರು ಎರಡಾಗಿದ್ದಾರೆ. ಜನ ಅದನ್ನು ಮೀನಿನ ಜೊತೆಗೇ ಎಣಿಸುತ್ತಾರೆ, ಹಾಗಾಗಿ ತಿನ್ನಬಹುದು ಅಂದವರಿದ್ದಾರೆ, ದೇವಬಂದ್ ಪಂಥದ ದೊಡ್ಡ ಹೆಸರು ಅಶ್ರಫ್ ಅಲಿ ಥಾನವಿಯವರೇ ಆ ಕಡೆ. ಅದು ಮೀನಿನ ಜಾತಿಯಲ್ಲ, ಬಿಡುವುದೇ ಕ್ಷೇಮ ಅಂದವರೂ ಅಷ್ಟೇ ದೊಡ್ಡವರು. ಶಾಫಿಗಳಿಗೆ ಸಿಗಡಿ ತಕರಾರೇ ಅಲ್ಲ.

ಹಾಗಂತ ನನ್ನ ತಮ್ಮ ಗೆದ್ದ ಅಂದುಕೊಳ್ಳಬೇಡಿ. ಏಡಿ ನೋಡಿ. ಹನಫಿಗಳಿಗೆ ಅದು ಮೀನಲ್ಲ, ಹಾಗಾಗಿ ಬೇಡ. ಶಾಫಿಗಳ ಬಹು ಮುಖ್ಯ ಗ್ರಂಥ ಇಮಾಂ ನವವಿಯವರ 'ಮಿನ್‌ಹಾಜ್'ನಲ್ಲೂ ನೀರು ನೆಲ ಎರಡರಲ್ಲೂ ಬದುಕುವ ಕಪ್ಪೆ, ಏಡಿ, ಹಾವು ಹರಾಮ್ ಎಂದೇ ಇದೆ. ಅದೇ ನವವಿಯವರು ಇನ್ನೊಂದು ದೊಡ್ಡ ಗ್ರಂಥ 'ಮಜ್ಮೂಅ್'ನಲ್ಲಿ ಕಪ್ಪೆ ಬಿಟ್ಟು ಸಮುದ್ರದ ಎಲ್ಲವೂ ಹಲಾಲ್ ಎಂಬ ಮಾತನ್ನು ಸರಿ ಎನ್ನುತ್ತಾರೆ. 1277ರಲ್ಲಿ ತೀರಿಕೊಂಡ ಒಬ್ಬರೇ ವಿದ್ವಾಂಸರು, ಎರಡು ಪುಸ್ತಕ, ಎರಡು ಮಾತು. ಕರಾವಳಿಯಲ್ಲಿ ಏಡಿ ಸಾರು ಮಾಡುವ ಶಾಫಿ ಮನೆಗಳೂ ಇವೆ, ಏಡಿಯನ್ನು ಒಳಗೇ ಬಿಡದ ಶಾಫಿ ಮನೆಗಳೂ ಇವೆ. 'ಸಮುದ್ರದ್ದೆಲ್ಲ ಹಲಾಲ್' ಎಂಬ ನೀಲಿ ಚಿತ್ರದಲ್ಲಿ ಇದೆಲ್ಲ ಎಲ್ಲಿ ಹಿಡಿಸೀತು?

ಒಂದೇ ಪ್ರಶ್ನೆ, ಎರಡು ಉತ್ತರ

ಸಮುದ್ರದ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುವ ಒಂದು ಹದೀಸ್ (ಪ್ರವಾದಿಯವರ ಮಾತು, ನಡೆಯ ವರದಿ) ಇದೆ. ಸಮುದ್ರದ ನೀರು ಶುದ್ಧ, ಅದರಲ್ಲಿ ಸತ್ತದ್ದು ಹಲಾಲ್. ಈ ಮಾತು ಎಲ್ಲರಿಗೂ ಬಾಯಿಪಾಠ. ಅದರ ಮೊದಲಿನ ಅರ್ಧವನ್ನು ಹೇಳುವವರು ಕಡಿಮೆ. ಹಡಗಿನಲ್ಲಿ ಓಡಾಡುವ ಒಬ್ಬ ಮನುಷ್ಯ ಪ್ರವಾದಿ(ಸ)ಯವರ ಹತ್ತಿರ ಬಂದು ಕೇಳಿದ್ದು ಅದು. ನಾವು ಸಮುದ್ರದ ಮೇಲೆ ಹೋಗುತ್ತೇವೆ, ಜೊತೆಗೆ ಸ್ವಲ್ಪವೇ ನೀರು ಒಯ್ಯುತ್ತೇವೆ, ಅದರಲ್ಲಿ ವುಝೂ ಮಾಡಿದರೆ ಕುಡಿಯಲು ಇರುವುದಿಲ್ಲ, ಸಮುದ್ರದ ನೀರಲ್ಲಿ ಮಾಡಬಹುದಾ? ಅವನು ಕೇಳಿದ್ದು ನೀರಿನ ಬಗ್ಗೆ ಮಾತ್ರ. ಉತ್ತರದಲ್ಲಿ ಅವನ ಊಟಕ್ಕೂ ದಾರಿ ಸಿಕ್ಕಿತು. ನೀರು ಮುಗಿಯುವ ಹಡಗಿನಲ್ಲಿ ಅಕ್ಕಿಯೂ ಮುಗಿಯುತ್ತದೆ ಅಲ್ವಾ. ಕೇಳಿದವನ ಬದುಕನ್ನು ನೋಡಿ ಕೊಟ್ಟ ಉತ್ತರ ಅದು.

ಅಬೂದಾವೂದ್ ಎಂಬ ಹದೀಸ್ ಸಂಗ್ರಹದಲ್ಲಿ ಬರುವ ಇನ್ನೊಂದು ಹದೀಸ್ ನನಗೆ ತುಂಬ ಇಷ್ಟ. ಉಪವಾಸ ಇರುವಾಗ ಹೆಂಡತಿಯನ್ನು ಅಪ್ಪಿಕೊಳ್ಳಬಹುದಾ ಎಂದು ಒಬ್ಬರು ಕೇಳಿದರು, ಪ್ರವಾದಿ(ಸ)ಯವರು ಆಗಬಹುದು ಅಂದರು. ಇನ್ನೊಬ್ಬರು ಬಂದು ಅದನ್ನೇ ಕೇಳಿದರು, ಬೇಡ ಅಂದರು. ವರದಿ ಮಾಡಿದ ಅಬೂಹುರೈರಾ ಅವರು ಗಮನಿಸಿ ನೋಡಿದರೆ ಮೊದಲಿನವರು ಮುದುಕರು, ಎರಡನೆಯವರು ಹರೆಯದವರು. ಪ್ರಶ್ನೆ ಒಂದೇ. ಈಗ ಇದರಲ್ಲಿ ಯಾವ ಅರ್ಧವನ್ನು ಹಸಿರು ಚಿತ್ರಕ್ಕೆ ಹಾಕುತ್ತೀರಿ?

ಪ್ರವಾದಿಯವರ ಸಂಗಾತಿ ಇಬ್ನು ಅಬ್ಬಾಸ್ ಅವರ ಬಗ್ಗೆಯೂ ಇಂಥದ್ದೇ ಒಂದು ವರದಿ ಇದೆ. ಕೊಲೆ ಮಾಡಿದವನಿಗೆ ತೌಬಾ (ಪಶ್ಚಾತ್ತಾಪಪಟ್ಟು ಕ್ಷಮೆ ಪಡೆಯುವ ದಾರಿ) ಇದೆಯಾ ಎಂದು ಒಬ್ಬ ಕೇಳಿದ. ಇಲ್ಲ ಅಂದರು. ಹತ್ತಿರ ಇದ್ದವರಿಗೆ ಆಶ್ಚರ್ಯ, ಮುಂಚೆ ನೀವು ಇದೆ ಅನ್ನುತ್ತಿದ್ದಿರಿ ಅಂತ. ಆ ಮನುಷ್ಯ ಸಿಟ್ಟಿನಲ್ಲಿದ್ದ, ಯಾರನ್ನೋ ಕೊಲ್ಲಲು ಹೊರಟವನ ಹಾಗೆ ಕಂಡ ಅಂದರಂತೆ. ಹಿಂದೆ ಹೋಗಿ ನೋಡಿದರೆ ಅದೇ ನಿಜವಾಗಿತ್ತು. ಫತ್ವಾ ಕೊಡುವ ಮುಫ್ತಿಯ ಕೆಲಸದಲ್ಲಿ ಕಿತಾಬು ಓದುವುದು ಎಷ್ಟು ಮುಖ್ಯವೋ ಎದುರಿಗೆ ಕೂತವರ ಮುಖ ಓದುವುದೂ ಅಷ್ಟೇ ಮುಖ್ಯ. ಇಮಾಂ ಶಾಫಿಯವರು ಬಗ್ದಾದಿನಲ್ಲಿ ಹೇಳಿದ್ದ ಹಲವು ಮಾತುಗಳನ್ನು ಈಜಿಪ್ಟಿಗೆ ಹೋದ ಮೇಲೆ ಬದಲಿಸಿದರು. ಹಳೆಯ ಮಾತು, ಹೊಸ ಮಾತು ಎಂದು ಎರಡನ್ನೂ ಅವರ ಶಿಷ್ಯಪರಂಪರೆ ಜೋಪಾನ ಮಾಡಿ ಇಟ್ಟಿದೆ. ಯಾವುದನ್ನೂ ಮುಚ್ಚಿಡಲಿಲ್ಲ.

ಬೀಡಿಯ ಧೂಳು

ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಬೀಡಿ ಕಟ್ಟದ ಮನೆ ಇರಲಿಲ್ಲ. ಬೆಳಿಗ್ಗೆ ಎಲೆ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು, ಮಧ್ಯಾಹ್ನ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕಟ್ಟುವುದು, ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರುವುದು. ರಂಝಾನಿನಲ್ಲೂ ಅದು ನಿಲ್ಲುತ್ತಿರಲಿಲ್ಲ, ಪೆರ್ನಾಲಿನ (ಈದ್ ಹಬ್ಬದ) ಬಟ್ಟೆ ಆ ದುಡ್ಡಿನಿಂದಲೇ ಬರಬೇಕಿತ್ತು. ಒಂದು ರಂಝಾನಿನಲ್ಲಿ ಪಕ್ಕದ ಮನೆಯ ಅಕ್ಕ ಮದ್ರಸದ ಉಸ್ತಾದರ ಹತ್ತಿರ ಏನೋ ಕೇಳಬೇಕೆಂದು ಹೊರಟರು. ಒಬ್ಬರೇ ಹೋಗಲು ನಾಚಿಕೆ, ನನ್ನನ್ನು ಜೊತೆಗೆ ಕರೆದುಕೊಂಡರು. ಉಸ್ತಾದ್ ಜಗಲಿಯಲ್ಲಿ ಮಕ್ಕಳ ಹಲಗೆ ಒರೆಸುತ್ತಿದ್ದರು. ಅಕ್ಕ ತಲೆಬಟ್ಟೆ ಎಳೆದುಕೊಂಡು ಕಂಬದ ಈಚೆ ನಿಂತು ಕೇಳಿದರು.

'ಉಸ್ತಾದ್, ಬೀಡಿ ಕಟ್ಟುವಾಗ ತಂಬಾಕಿನ ಧೂಳು ಮೂಗಿಗೆ ಹೋಗ್ತದೆ. ಗಂಟಲಲ್ಲಿ ಕಹಿ ಬರ್ತದೆ. ಉಪವಾಸ ಉಂಟಾ, ಹೋಯಿತಾ?'

ಉಸ್ತಾದ್ ತಕ್ಷಣ ಉತ್ತರ ಕೊಡಲಿಲ್ಲ. ಬೇಕೆಂದು ಮೂಸುತ್ತೀಯಾ? ಇಲ್ಲ. ಬಾಯಿಗೆ ಹಾಕುತ್ತೀಯಾ? ಇಲ್ಲ. ಮನೆಯಲ್ಲಿ ಬೇರೆ ದುಡಿಯುವವರು ಉಂಟಾ? ಅಕ್ಕ ಸುಮ್ಮನಾದರು. ಗಂಡ ಬೊಂಬಾಯಿಯ ಹೋಟೆಲಲ್ಲಿ, ದುಡ್ಡು ಬಂದು ತುಂಬ ಸಮಯವಾಗಿತ್ತು. ಅದು ಊರಿಗೇ ಗೊತ್ತಿದ್ದ ವಿಷಯ. ಉಸ್ತಾದ್ ಹಲಗೆ ಕೆಳಗಿಟ್ಟರು. 'ಹಿಟ್ಟು ಜರಡಿ ಹಿಡಿಯುವಾಗ ಏಳುವ ಧೂಳಿನಿಂದ ಉಪವಾಸ ಮುರಿಯುವುದಿಲ್ಲ ಅಂತ ಕಿತಾಬಿನಲ್ಲಿ ಉಂಟು. ತಪ್ಪಿಸಿಕೊಳ್ಳಲು ಆಗದ ಧೂಳು ಅದು. ನಿನ್ನದೂ ಹಾಗೆಯೇ. ಮೂಗಿಗೆ ಒಂದು ಬಟ್ಟೆ ಕಟ್ಟಿಕೋ, ಉಪವಾಸ ಬಿಡಬೇಡ. ಅಸರ್ ಆದ ಮೇಲೆ ಸ್ವಲ್ಪ ನಿಲ್ಲಿಸು, ಹಸಿದ ಹೊಟ್ಟೆಗೆ ತಲೆ ತಿರುಗ್ತದೆ.'

ಅವರು ಹೇಳದೆ ಬಿಟ್ಟದ್ದು ಏನು ಎಂದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು. ತಂಬಾಕು ಸೇದುವುದೇ ತಕರಾರಿನ ವಿಷಯ. ಹರಾಮ್ ಅಂದವರಿದ್ದಾರೆ, ಮಕ್ರೂಹ್ ಅಂದವರಿದ್ದಾರೆ, 17ನೇ ಶತಮಾನದ ಇಸ್ತಾಂಬುಲಿನಲ್ಲಿ ಸುಲ್ತಾನ ನಾಲ್ಕನೇ ಮುರಾದ್ ಅದಕ್ಕೆ ಮರಣದಂಡನೆಯನ್ನೇ ಇಟ್ಟಿದ್ದ. ಹಾಗಿದ್ದರೆ ಬೀಡಿ ಕಟ್ಟಿದ ದುಡ್ಡು ಹಲಾಲೋ ಎಂಬ ಪ್ರಶ್ನೆ ಏಳುತ್ತದೆ. ಉಸ್ತಾದರಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಅಕ್ಕ ಅದನ್ನು ಕೇಳಿರಲಿಲ್ಲ. ಒಲೆ ಉರಿಯಲು ಬೇರೆ ದಾರಿಯೇ ಇಲ್ಲದ ಹೆಂಗಸಿನ ತಲೆ ಮೇಲೆ ಕೇಳದ ಪ್ರಶ್ನೆಯ ಉತ್ತರವನ್ನು ಹೊರಿಸಲು ಅವರು ಹೋಗಲಿಲ್ಲ. ಇಂಥ ಆಲಿಮರನ್ನು (ಧರ್ಮವಿದ್ವಾಂಸರನ್ನು) ನೋಡಿ ಬೆಳೆದವಳು ನಾನು. ಅದಕ್ಕೇ ಈಗಿನ ಒಂದು ಸಾಲಿನ ತೀರ್ಪುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾಫಿಯೂ ಒಮ್ಮೆ ಹರಾಮ್ ಆಗಿತ್ತು

1511ರಲ್ಲಿ ಮಕ್ಕಾದ ಅಧಿಕಾರಿ ಖಾಯಿರ್ ಬೇಗ್ ವಿದ್ವಾಂಸರನ್ನೂ ವೈದ್ಯರನ್ನೂ ಕೂರಿಸಿ ಕಾಫಿಗೆ ನಿಷೇಧ ಹಾಕಿಸಿದ. ಯೆಮನಿನ ಸೂಫಿಗಳು ರಾತ್ರಿ ದ್ಸಿಕ್ರ್‌ಗೆ (ದೇವರ ಸ್ಮರಣೆಗೆ) ನಿದ್ದೆ ಬರದಿರಲಿ ಎಂದು ಕುಡಿಯುತ್ತಿದ್ದ ಪಾನೀಯ ಅದು. ಅಮಲೇರುತ್ತದೆ ಎಂಬುದು ಒಂದು ವಾದ, ಹೆಂಡ ಕುಡಿಯುವವರ ಹಾಗೆ ಸುತ್ತ ಕೂತು ಕುಡಿಯುತ್ತಾರೆ ಎಂಬುದು ಇನ್ನೊಂದು. ಆ ನಿಷೇಧ ನಿಲ್ಲಲಿಲ್ಲ, ಕೈರೋದ ಸುಲ್ತಾನನೇ ಅದನ್ನು ಸಡಿಲಿಸಿದ. ಅದೇ ಯೆಮನಿನಿಂದ ಒಬ್ಬ ಸೂಫಿ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಎಂಬ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಈಗ ಮಸೀದಿಯ ಸಭೆಗಳಲ್ಲೇ ಕಾಫಿ ಹಂಚುತ್ತಾರೆ. ಕುಡಿದು ನೋಡಿದವರ ಅನುಭವ ಮುಂದೆ ಬಂತು, ವಿದ್ವಾಂಸರು ಅದನ್ನು ಕೇಳಿಸಿಕೊಂಡರು, ಅಮಲಿಲ್ಲ ಎಂದು ಒಪ್ಪಿದರು. ನಮಾಜಿನಲ್ಲಿ ಮೈಕಿನ ವಿಷಯದಲ್ಲೂ ಹೀಗೇ ಆಯಿತು. ಮೊದಲು ಬೇಡ ಅಂದ ವಿದ್ವಾಂಸರ ಶಿಷ್ಯರೇ ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡು ಆಮೇಲೆ ಒಪ್ಪಿದರು.

ಇವು ಸುಲಭದ ಉದಾಹರಣೆಗಳು. ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಬೇರೆಯೇ ಒಂದು.

ಕಾಣೆಯಾದ ಗಂಡಂದಿರು

ಗಂಡ ಎಲ್ಲಿಗೋ ಹೋದ, ಪತ್ತೆಯಿಲ್ಲ. ಹೆಂಡತಿ ಎಷ್ಟು ವರ್ಷ ಕಾಯಬೇಕು? ಹಳೆಯ ಹನಫಿ ಗ್ರಂಥಗಳ ಪ್ರಕಾರ ಅವನ ಓರಗೆಯವರೆಲ್ಲ ಸಾಯುವವರೆಗೆ. ಅವನಿಗೆ 90 ವರ್ಷ ತುಂಬುವವರೆಗೆ ಎಂಬ ಲೆಕ್ಕವೂ ಇತ್ತು. ಅಂದರೆ ಅವಳ ಬದುಕು ಮುಗಿದ ಹಾಗೆ. ಬ್ರಿಟಿಷರ ಕಾಲದ ಪಂಜಾಬಿನಲ್ಲಿ ಕೆಲವು ಹೆಂಗಸರು ಈ ಕಟ್ಟಿನಿಂದ ಬಿಡಿಸಿಕೊಳ್ಳಲು ಬೇರೆ ದಾರಿ ಕಾಣದೆ ಧರ್ಮವನ್ನೇ ಬಿಟ್ಟರು, ಬಿಟ್ಟರೆ ಮದುವೆ ತಾನಾಗಿ ಮುರಿಯುತ್ತಿತ್ತು. ಆಗ ಥಾನವಿಯವರು 1930ರ ದಶಕದ ಆರಂಭದಲ್ಲಿ ಮಾಡಿದ ಕೆಲಸ ದೊಡ್ಡದು. ಕಟ್ಟಾ ಹನಫಿಯಾಗಿದ್ದ ಅವರು ಮದೀನಾದ ಮಾಲಿಕಿ (ಮತ್ತೊಂದು ಮದ್‌ಹಬ್‌ನ) ವಿದ್ವಾಂಸರಿಗೆ ಪತ್ರ ಬರೆದು ವಿವರ ತರಿಸಿಕೊಂಡು, ಈ ವಿಷಯದಲ್ಲಿ ಮಾಲಿಕಿ ಮಾತನ್ನು ಹಿಡಿಯಬಹುದು ಎಂದು ಬರೆದರು. ಮಾಲಿಕಿಗಳಲ್ಲಿ ಕಾಯುವ ಅವಧಿ ನಾಲ್ಕು ವರ್ಷ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ 'ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ' ಎಂಬ ಮಾತು ಬಂದದ್ದು ಆ ಚರ್ಚೆಯ ಬಲದಿಂದ. ಕಾಯ್ದೆಯ ಎಲ್ಲವೂ ಉಲಮಾಗಳಿಗೆ (ಆಲಿಮರಿಗೆ) ಹಿಡಿಸಲಿಲ್ಲ, ತೀರ್ಪು ಕೊಡುವ ನ್ಯಾಯಾಧೀಶರು ಮುಸ್ಲಿಮರೇ ಆಗಿರಬೇಕು ಎಂಬ ಅವರ ಷರತ್ತು ಬಿದ್ದುಹೋಯಿತು. ಆದರೂ ಇವತ್ತು ಗಲ್ಫಿಗೆ ಹೋಗಿ ಸುದ್ದಿಯಿಲ್ಲದ ಗಂಡನಿಗಾಗಿ ಕಾದು ಕೂತ ನಮ್ಮ ಕರಾವಳಿಯ ಹೆಣ್ಣುಮಗಳು ಕೋರ್ಟಿಗೆ ಹೋದರೆ ಅವಳಿಗೆ ಸಿಗುವುದು ಇದೇ ನಾಲ್ಕು ವರ್ಷದ ದಾರಿ. ಮದ್‌ಹಬ್‌ಗಳ ನಡುವಿನ ಭಿನ್ನಾಭಿಪ್ರಾಯ ಬಡಿದಾಡಲು ಇರುವುದು ಎಂದುಕೊಂಡವರು ಇದನ್ನು ನೋಡಬೇಕು. ಒಂದು ಮನೆಯಲ್ಲಿ ಬಾಗಿಲು ಮುಚ್ಚಿದಾಗ ಪಕ್ಕದ ಮನೆಯ ಬಾಗಿಲು ತೆರೆದಿತ್ತು.

ಮೌಲಿದ್

ಸಿಗಡಿ ಜಗಳ ಎರಡು ದಿನದ್ದು. ಮೌಲಿದ್ (ಪ್ರವಾದಿಯವರ ಹುಟ್ಟನ್ನು ನೆನೆದು ಸ್ತುತಿ ಓದುವುದು), ದರ್ಗಾ, ಉರೂಸಿನ ಜಗಳ ಹಾಗಲ್ಲ, ಅದರಿಂದ ಮಸೀದಿಗಳೇ ಬೇರೆಯಾಗಿವೆ, ನಿಶ್ಚಯವಾದ ಮದುವೆ ಸಂಬಂಧಗಳು ಮುರಿದಿವೆ. ಕರಾವಳಿಯಲ್ಲಿ ಹುಡುಗಿ ನೋಡಲು ಬಂದವರು ಮೊದಲು ವಿಚಾರಿಸುವುದೇ ನೀವು ಯಾವ ಕಡೆಯವರು ಅಂತ. ನಾನು ಮೌಲಿದ್ ಓದುವ ಮನೆಯಲ್ಲಿ ಬೆಳೆದವಳು, ಈಗಲೂ ನನಗೆ ಅದು ಪ್ರಿಯ. ರಬೀಉಲ್ ಅವ್ವಲ್ ತಿಂಗಳ ರಾತ್ರಿ ಮನೆ ತುಂಬ ಊದುಬತ್ತಿಯ ಪರಿಮಳ, ಗಂಡಸರ ಒಕ್ಕೊರಲು, ಒಳಗೆ ನಾವು ಹೆಂಗಸರು ಮೆಲ್ಲನೆ ದನಿ ಸೇರಿಸುವುದು. ಅದನ್ನು ಬಿದ್‌ಅತ್ ಎಂದು ಬಿಟ್ಟವರನ್ನೂ ಬಲ್ಲೆ, ಅವರ ಭಕ್ತಿಯಲ್ಲಿ ಕೊರತೆ ಕಂಡಿಲ್ಲ.

ಮೌಲಿದಿಗೆ ವಿರೋಧ ಎಂದಾಗ ಎಲ್ಲರೂ ಹೇಳುವ ಹೆಸರು ವಿದ್ವಾಂಸ ಇಬ್ನು ತೈಮಿಯ್ಯ. 1328ರಲ್ಲಿ ತೀರಿಕೊಂಡವರು. ಅವರು ಅದನ್ನು ಹೊಸದಾಗಿ ಸೇರಿಸಿದ ಆಚರಣೆ ಎಂದದ್ದು ನಿಜ. ಆದರೆ ಅದೇ ಜಾಗದಲ್ಲಿ, ಪ್ರವಾದಿಯವರ ಮೇಲಿನ ಪ್ರೀತಿಯಿಂದ ಮಾಡುವವರಿಗೆ ಆ ಪ್ರೀತಿಗೆ, ಆ ಒಳ್ಳೆಯ ಉದ್ದೇಶಕ್ಕೆ ಅಲ್ಲಾಹನು ಪ್ರತಿಫಲ ಕೊಡಬಹುದು ಎಂದೂ ಬರೆದಿದ್ದಾರೆ. ಅತ್ತ ಇನ್ನೊಬ್ಬ ವಿದ್ವಾಂಸ ಸುಯೂತಿಯವರು ಮೌಲಿದ್ ಒಳ್ಳೆಯ ಹೊಸ ರೂಢಿ ಎಂದು ಫತ್ವಾ ಕೊಟ್ಟವರು. ಅವರು ಮಾಡಿದ್ದೇನು ಗೊತ್ತಾ? ವಿರೋಧಿಸಿದ ಮಾಲಿಕಿ ವಿದ್ವಾಂಸ ಫಾಕಿಹಾನಿಯವರ ಬರಹವನ್ನು ತಮ್ಮ ಫತ್ವಾದೊಳಗೇ ಎತ್ತಿ ಕೊಟ್ಟು, ಅದಕ್ಕೆ ಒಂದೊಂದಾಗಿ ಉತ್ತರ ಬರೆದರು. ಎದುರಾಳಿಯ ಮಾತು ಅವರ ಪುಟದಲ್ಲೇ ಉಳಿಯಿತು. ಇವತ್ತು ನಮ್ಮ ಎರಡೂ ಕಡೆಯ ವೇದಿಕೆಗಳಲ್ಲಿ ಇಷ್ಟು ಮಾಡುವ ಭಾಷಣಕಾರರನ್ನು ನಾನು ಹುಡುಕುತ್ತಲೇ ಇದ್ದೇನೆ.

ಕೇಳಿದವರು ಯಾರು ಎಂದು ಕೋರ್ಟೂ ಕೇಳಿತು

2014ರಲ್ಲಿ ಸುಪ್ರೀಂ ಕೋರ್ಟ್ ವಿಶ್ವಲೋಚನ್ ಮದನ್ ಪ್ರಕರಣದಲ್ಲಿ ಫತ್ವಾ ಒಂದು ಅಭಿಪ್ರಾಯ, ಅದಕ್ಕೆ ಕಾನೂನಿನ ಬಲವಿಲ್ಲ, ಯಾರ ಮೇಲೂ ಹೇರುವಂತಿಲ್ಲ ಎಂದಿತು. ಪತ್ರಿಕೆಗಳಲ್ಲಿ ಅಷ್ಟೇ ದೊಡ್ಡದಾಗಿ ಬಂತು. ಆದರೆ ಆ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಉತ್ತರ ಪ್ರದೇಶದ ಒಬ್ಬ ಹೆಂಗಸಿನ ಮೇಲೆ ಅವಳ ಮಾವನೇ ಅತ್ಯಾಚಾರ ಮಾಡಿದ ಆರೋಪ ಬಂದಾಗ, ಅವಳ ಮದುವೆ ಮುಗಿಯಿತು ಎಂಬ ಫತ್ವಾ ಹೊರಬಂದಿತ್ತು. ಅದನ್ನು ಅವಳೂ ಕೇಳಿರಲಿಲ್ಲ, ಅವಳ ಗಂಡನೂ ಕೇಳಿರಲಿಲ್ಲ. ಕೇಳಿದ್ದು ಒಬ್ಬ ಪತ್ರಕರ್ತ. ಸಂಬಂಧವೇ ಇಲ್ಲದವರು ಬಂದು ಕೇಳಿದರೆ ಒಬ್ಬರ ಹಕ್ಕಿನ ಬಗ್ಗೆ ಫತ್ವಾ ಕೊಡಬೇಡಿ ಎಂದು ಕೋರ್ಟ್ ಹೇಳಿತು. ಹೊರಗಿನವರ ಮಾತು ಎಂದು ನಮ್ಮಲ್ಲಿ ಕೆಲವರು ಇದನ್ನು ತಳ್ಳಿಹಾಕಿದರು. ನನಗೆ ಹಾಗೆ ಅನ್ನಿಸಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೋ ಅಂದ ಉಸ್ತಾದರು, ಹುಡುಗಿ ಯಾವ ಊರಿನವಳು ಎಂದು ಕೇಳಿದ ಇಮಾಂ ಸಾಹೇಬರು, ಇಬ್ಬರೂ ಈ ಮಾತನ್ನು ಒಪ್ಪುತ್ತಿದ್ದರು.

ಕನ್ನಡಕ್ಕೆ ಬರುವುದು ಬರೀ ಕೊನೆಯ ಸಾಲು

ಉರ್ದುವಿನ ಹಳೆಯ ಫತ್ವಾ ಸಂಗ್ರಹಗಳನ್ನು ತೆರೆದರೆ ಮೊದಲು ಕಾಣುವುದು ಪ್ರಶ್ನೆ. ಈ ವಿಷಯದಲ್ಲಿ ಉಲಮಾಗಳು ಏನು ಹೇಳುತ್ತಾರೆ ಎಂದು ಶುರುವಾಗಿ, ಝೈದ್ ಹೀಗೆ ಮಾಡಿದ, ಬಕರ್ ಹಾಗೆ ಅಂದ, ಹಿಂದಾ ಮನೆ ಬಿಟ್ಟು ಹೋದಳು ಎಂದು ಇಡೀ ಸಂಗತಿ ಬರುತ್ತದೆ. ಹೆಸರುಗಳು ಸುಮ್ನೆ ಇಟ್ಟವು, ಸಂಕಟ ನಿಜದ್ದು. ಆಮೇಲೆ ಉತ್ತರ. ಕೊನೆಗೆ 'ವಲ್ಲಾಹು ಅಅ್ಲಮ್', ಅಲ್ಲಾಹನೇ ಚೆನ್ನಾಗಿ ಬಲ್ಲವನು. ಮಲಯಾಳಂನಲ್ಲೂ ಹೀಗೆ ಪ್ರಶ್ನೆ ಉತ್ತರ ಜೊತೆಗೇ ಬರುವ ಪುಸ್ತಕಗಳಿವೆ. ಕನ್ನಡ ಮಾತ್ರ ಓದಲು ಬರುವ ನಮ್ಮ ಮಕ್ಕಳಿಗೆ, ಈಗ ಅಂಥವರೇ ಜಾಸ್ತಿ, ತಲುಪುವುದು ಆ ಉತ್ತರದ ಕೊನೆಯ ಸಾಲು. ಪ್ರಶ್ನೆ ಹೋಯಿತು, ಕಾರಣ ಹೋಯಿತು, 'ವಲ್ಲಾಹು ಅಅ್ಲಮ್' ಕೂಡ ಹೋಯಿತು. ಕನ್ನಡ ಚೆನ್ನಾಗಿ ಬರೆಯುವ ಆಲಿಮರು ಈಗ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರಶ್ನೆಯನ್ನು ಪೂರ್ತಿ ಕನ್ನಡಕ್ಕೆ ತನ್ನಿ. ಎರಡನೆಯ ಮಾತು ಇದ್ದರೆ ಅದನ್ನೂ ತನ್ನಿ. ನಾವು ಹೆಂಗಸರು ಓದುತ್ತೇವೆ, ನಮಗೆ ಅರ್ಥವಾಗುತ್ತದೆ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಬೈಕಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಪೊಟ್ಟಣದೊಳಗೆ ಏನಿದೆ ಎಂದು ಕೆಲವೊಮ್ಮೆ ಬಿಲ್ ನೋಡಿದರೆ ಗೊತ್ತಾಗುತ್ತದೆ, ಹಂದಿ ಮಾಂಸ ಇರುತ್ತದೆ. ಒಯ್ಯಬಹುದಾ ಅಂತ ನನ್ನನ್ನು ಕೇಳಿದ. ನನ್ನನ್ನಲ್ಲ, ತಿಳಿದವರನ್ನು ಕೇಳು ಅಂದೆ, ಊರಿನ ಈಗಿನ ಉಸ್ತಾದರ ನಂಬರ್ ಕೊಟ್ಟೆ. ಚಿಕ್ಕ ವಯಸ್ಸಿನವರು, ಕನ್ನಡದಲ್ಲೇ ಮೆಸೇಜ್ ಮಾಡುತ್ತಾರೆ. ಅವರು ಉತ್ತರ ಕೊಡುವ ಮುಂಚೆ ನಾಲ್ಕು ಪ್ರಶ್ನೆ ಹಾಕಿದ್ದಾರೆ. ಆರ್ಡರ್ ಬೇಡ ಎನ್ನಲು ಅವಕಾಶ ಇದೆಯಾ? ಬೇಡ ಅಂದರೆ ದಂಡ ಬೀಳುತ್ತದಾ? ತಿಂಗಳಿಗೆ ಮನೆಗೆ ಎಷ್ಟು ಕಳಿಸುತ್ತೀಯಾ? ಬೇರೆ ಕೆಲಸ ಹುಡುಕಿದ್ದೀಯಾ? ಹುಡುಗ ನಿನ್ನೆ ರಾತ್ರಿ ಡ್ಯೂಟಿ ಮುಗಿಸಿ ಕೂತು ಎರಡಕ್ಕೆ ಉತ್ತರ ಬರೆದಿದ್ದಾನಂತೆ, ಉಳಿದೆರಡು ಇವತ್ತು ಬರೆಯುತ್ತಾನಂತೆ.